ಆರ್.ಡಿ. ಶಂಕರಮ್ಮ ಕೇಳಿದ ಕಾರಣಗಳು

ರವೀಂದ್ರನಗರಕ್ಕೆ ಬಂದು ಶಂಕರಮ್ಮನ ಮನೆ ಯಾವುದು ಎಂದು ಕೇಳಿದರೆ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ. ಆರ್.ಡಿ. ಶಂಕರಮ್ಮ ಎಂದರೆ ಮಾತ್ರ ಗೇಟಿನ ತನಕ ಬಂದು ತೋರಿಸಿ ಹೋಗುತ್ತಾರೆ. ಆಕೆ ಇಪ್ಪತ್ತೆರಡು ವರ್ಷದಿಂದ ಪೋಸ್ಟಾಫೀಸಿನ ಉಳಿತಾಯ ಏಜೆಂಟು. ದಿನಕ್ಕೊಂದು ಬೀದಿಯಂತೆ ತಿಂಗಳಿಗೆ ಎರಡು ಸುತ್ತು ಮನೆಮನೆಗೆ ಹೋಗಿ ಆರ್.ಡಿ. ಕಂತಿನ ದುಡ್ಡು ತಂದು ಪೋಸ್ಟಾಫೀಸಿಗೆ ಕಟ್ಟುವುದು, ಐದು ವರ್ಷ ತುಂಬಿದ ಮೇಲೆ ಅದು ಬಡ್ಡಿ ಸಮೇತ ಅವರವರ ಕೈ ಸೇರುವಂತೆ ನೋಡಿಕೊಳ್ಳುವುದು ಆಕೆಯ ಕೆಲಸ. ಕಟ್ಟಿದ್ದರಲ್ಲಿ ನೂರಕ್ಕೆ ನಾಲ್ಕು ರೂಪಾಯಿ ಕಮಿಷನ್ನು. ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದ ಗಂಡ ಜ್ವರ ಬಂದು ತೀರಿಕೊಂಡಾಗ ಮಗಳು ಅಕ್ಷರಾಗೆ ಮೂರು ವರ್ಷ. ಗಂಡನ ಜೊತೆ ಕೆಲಸ ಮಾಡುತ್ತಿದ್ದವರೇ ಮೊದಲ ಗಿರಾಕಿಗಳಾದರು. ಅಲ್ಲಿಂದ ಮಲವಗೊಪ್ಪ, ಆಮೇಲೆ ರವೀಂದ್ರನಗರ, ಹೀಗೆ ಬೆಳೆದು ಬೆಳೆದು ಇನ್ನೂರ ಹತ್ತು ಖಾತೆಯಾಗಿತ್ತು.

ಈ ಕೆಲಸ ಮಾಡುವ ಹೆಂಗಸರು ಶಿವಮೊಗ್ಗದಲ್ಲಿ ಬೇಕಾದಷ್ಟಿದ್ದಾರೆ. ಆದರೆ ಶಂಕರಮ್ಮನಿಗೆ ಇದ್ದಷ್ಟು ಕುತೂಹಲ ಇನ್ನೊಬ್ಬರಿಗೆ ಇದ್ದದ್ದನ್ನು ಯಾರೂ ಕಂಡಿಲ್ಲ. ಹೊಸ ಖಾತೆಯ ಫಾರಂ ತುಂಬಿ, ಸಹಿ ಹಾಕಿಸಿಕೊಂಡ ಮೇಲೆ ಆಕೆ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, "ಇದು ಯಾತಕ್ಕೆ?" ಎಂದು ಕೇಳುತ್ತಿದ್ದಳು. ಪೋಸ್ಟಾಫೀಸಿಗೆ ಈ ಉತ್ತರ ಬೇಕಿರಲಿಲ್ಲ. ಆಕೆಗೆ ಬೇಕಿತ್ತು.

"ಸುಮ್ನೆ, ಇರ್ಲಿ ಅಂತ" ಎಂದರೆ ಒಪ್ಪುತ್ತಿರಲಿಲ್ಲ.

"ಇರ್ಲಿ ಅನ್ನೋದು ಕಾರಣ ಅಲ್ಲ. ಯೋಚ್ನೆ ಮಾಡಿ ಹೇಳಿ, ನಾನು ಕಾಯ್ತೀನಿ" ಎಂದು ಕುರ್ಚಿಯಲ್ಲೇ ಕೂತುಬಿಡುತ್ತಿದ್ದಳು. ಉತ್ತರ ಬಂದ ಮೇಲೆ ತನ್ನ ಪುಸ್ತಕದಲ್ಲಿ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದಳು. ಮಗಳ ಓಲೆಗೆ, ಮನೆ ಮೇಲೆ ಇನ್ನೊಂದು ಕೋಣೆಗೆ, ಇವೆಲ್ಲ ಎಲ್ಲರೂ ಹೇಳುವಂಥವು. ಆದರೆ ರಿಟೈರಾಗುವುದಕ್ಕಿದ್ದ ಒಬ್ಬ ಟೀಚರು ಹಲ್ಲಿನ ಸೆಟ್ಟಿಗೆ ಎಂದಿದ್ದರು. ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯೊಬ್ಬಳು ಯಾರನ್ನೂ ಕೇಳದೆ ಒಂದೇ ಒಂದು ಸಲ ವಿಮಾನ ಹತ್ತಬೇಕು ಎಂದಿದ್ದಳು. ಐದು ವರ್ಷದ ಮೇಲೆ ಅವಳು ಮಂಗಳೂರಿನಿಂದ ಹತ್ತಿಯೂ ಹತ್ತಿದಳು, ಇಳಿದ ತಕ್ಷಣ ಮೊದಲ ಫೋನು ಮಾಡಿದ್ದು ಶಂಕರಮ್ಮನಿಗೆ.

ವರ್ಷಗಳು ಕಳೆದ ಹಾಗೆ ಆಕೆಗೆ ಒಂದು ಸಂಗತಿ ಗೊತ್ತಾಗಿತ್ತು. ಕಾರಣ ಹೇಳಿದವರು ಕೊನೆತನಕ ಕಟ್ಟುತ್ತಾರೆ. ಎಷ್ಟು ಕೇಳಿದರೂ ಇರ್ಲಿ ಎಂದೇ ಉಳಿದವರು ಎರಡನೇ ವರ್ಷಕ್ಕೋ ಮೂರನೇ ವರ್ಷಕ್ಕೋ, ಹಬ್ಬ ಬಂತು, ಮದುವೆ ಬಂತು ಎಂದು ಮುರಿಸುತ್ತಾರೆ. ದುಡ್ಡು ಎಷ್ಟು ಎನ್ನುವುದಕ್ಕಿಂತ ಎತ್ತ ಕಡೆಗೆ ಎನ್ನುವುದು ಮುಖ್ಯ ಎಂದು ಹೊಸಬರಿಗೆ ಹೇಳುವುದು ಆಕೆಯ ರೂಢಿಯಾಯಿತು.

ಕೊನೆತನಕ ಕಟ್ಟಿದ ಗಿರಾಕಿಗಳಲ್ಲಿ ಒಂದೇ ಒಂದು ಹೆಸರಿನ ಪಕ್ಕ ಮಾತ್ರ ಪುಸ್ತಕದಲ್ಲಿ ಕಾರಣವಿರಲಿಲ್ಲ. ಮಲವಗೊಪ್ಪದ ರಸ್ತೆ ಬದಿಯಲ್ಲಿ ಸೈಕಲ್, ಬೈಕಿಗೆ ಪಂಕ್ಚರ್ ಹಾಕುವ ಅಂಗಡಿಯ ಷಣ್ಮುಖಪ್ಪ. ಹನ್ನೊಂದು ವರ್ಷದ ಹಿಂದೆ ತಿಂಗಳಿಗೆ ಒಂದೂವರೆ ಸಾವಿರದ ಖಾತೆ ತೆರೆದಿದ್ದ. ಯಾತಕ್ಕೆ ಎಂದಾಗ, "ಕಾರಣ ಐತೆ ಅಕ್ಕ, ಹೇಳಲ್ಲ" ಎಂದು ಟ್ಯೂಬನ್ನು ನೀರಿನ ಬಾಂಡಲಿಯಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತ ಕೂತಿದ್ದ. ಒಂದು ಕಂತೂ ತಪ್ಪಿಸಲಿಲ್ಲ. ಐದು ವರ್ಷಕ್ಕೆ ಲಕ್ಷದ ಮೇಲೆ ಬಂತು. ಆವತ್ತೇ ಅಷ್ಟೇ ಮೊತ್ತದ ಇನ್ನೊಂದು ಖಾತೆ ತೆರೆದ.

ಆ ದುಡ್ಡಿನಲ್ಲಿ ಅವನು ಏನು ಮಾಡಿದ ಎಂದು ಶಂಕರಮ್ಮ ಕಣ್ಣಿಟ್ಟು ನೋಡಿದಳು. ಅಂಗಡಿಗೆ ಹೊಸ ಬಾಗಿಲಿಲ್ಲ, ಮನೆಗೆ ಸುಣ್ಣವಿಲ್ಲ, ಓಡಾಡುವುದು ಅದೇ ಹಳೇ ಮೊಪೆಡ್ಡು. ಆಗಿದ್ದ ಒಂದೇ ಬದಲಾವಣೆ ಎಂದರೆ ಪ್ರತಿ ಬುಧವಾರ ಅಂಗಡಿ ಮುಚ್ಚತೊಡಗಿತು. ಬೆಳಗ್ಗೆ ಹತ್ತರ ಬಸ್ಸಿಗೆ ಭದ್ರಾವತಿ ಕಡೆ ಹೋದವನು ಸಂಜೆಗೆ ಬರುತ್ತಿದ್ದ. ಹೆಂಡತಿಯನ್ನು ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದಳು. ಎದುರಿನ ಟೀ ಅಂಗಡಿಯ ಬಂಗಾರಪ್ಪ ಅದಕ್ಕೆ ಅರ್ಥ ಕಟ್ಟಿಯೂ ಆಗಿತ್ತು.

"ಅಲ್ಲೊಂದು ಸಂಸಾರ ಐತೆ ಅಂತ ಕಾಣುತ್ತೆ ಅಕ್ಕ. ಇಲ್ಲಾಂದ್ರೆ ವಾರದ ನಡುವೆ ಯಾವನು ಅಂಗಡಿ ಮುಚ್ಚುತಾನೆ?"

"ಆ ಮನುಷ್ಯನ ಬಗ್ಗೆ ಹಂಗೆಲ್ಲ ಮಾತಾಡಬಾರ್ದು" ಎಂದು ಶಂಕರಮ್ಮ ಗದರಿಸಿದ್ದಳು. ಗದರಿಸಿದರೂ ಆ ಮಾತು ತಲೆಯಲ್ಲಿ ಉಳಿದುಬಿಟ್ಟಿತ್ತು.

ಹೋದ ವರ್ಷ ಮಾರ್ಚಿನಲ್ಲಿ ಷಣ್ಮುಖಪ್ಪನ ಎರಡನೇ ಖಾತೆಯೂ ತುಂಬಿತು. ದುಡ್ಡು ತೆಗೆಯುವ ಫಾರಂ ಪೋಸ್ಟಾಫೀಸಿಗೆ ಕೊಟ್ಟಾಗ, ಒಂದು ಕಡೆ ಸಹಿ ಬಿಟ್ಟುಹೋಗಿದೆ ಎಂದು ಕ್ಲಾರ್ಕು ವಾಪಸ್ಸು ಕೊಟ್ಟ. ಅವತ್ತು ಬುಧವಾರ. ನಿಜ ಹೇಳಬೇಕೆಂದರೆ ಆ ಸಹಿ ಗುರುವಾರ ಹಾಕಿಸಿದ್ದರೂ ನಡೆಯುತ್ತಿತ್ತು. ಶಂಕರಮ್ಮ ಫಾರಂ ಚೀಲಕ್ಕೆ ಹಾಕಿಕೊಂಡು ಮಲವಗೊಪ್ಪಕ್ಕೆ ಹೋದಳು, ಮುಚ್ಚಿದ ಅಂಗಡಿ ನೋಡಿದಳು, ಷಣ್ಮುಖಪ್ಪನ ಹೆಂಡತಿಯ ಹತ್ತಿರ ಹೋಗಿ, "ಅರ್ಜೆಂಟು ಸಹಿ ಬೇಕಿತ್ತಮ್ಮ" ಎಂದಳು. ಆ ಹೆಂಗಸು ಭದ್ರಾವತಿಯ ಹಳೇ ಕ್ವಾರ್ಟರ್ಸಿನ ಒಂದು ಗುರುತು ಹೇಳಿ, "ಲಿಂಗಪ್ಪ ಮೇಷ್ಟ್ರ ಮನೆ ಅಂತ ಕೇಳಿ" ಎಂದಳು.

ಬಸ್ಸಿನಲ್ಲಿ ಕೂತ ಶಂಕರಮ್ಮನಿಗೆ ತನ್ನ ಬಗ್ಗೆ ತನಗೇ ನಾಚಿಕೆಯಾಯಿತು. ಐವತ್ತು ದಾಟಿದ ಹೆಂಗಸು, ಕತ್ತಿನಲ್ಲಿ ಲಿಂಗ ಕಟ್ಟಿಕೊಂಡವಳು, ಇನ್ನೊಬ್ಬರ ಗುಟ್ಟಿನ ಬೆನ್ನು ಹತ್ತಿ ಹೊರಟಿದ್ದೇನಲ್ಲ ಎಂದುಕೊಂಡಳು. ಆದರೂ ಇಳಿದು ವಾಪಸ್ಸು ಹೋಗಲಿಲ್ಲ.

ಕ್ವಾರ್ಟರ್ಸಿನಲ್ಲಿ ಮನೆಗಳೆಲ್ಲ ಒಂದೇ ಥರ. ಹೊರಗೆ ಹಪ್ಪಳ ಒಣಗಿಸುತ್ತಿದ್ದ ಒಬ್ಬ ಮುದುಕಿಯನ್ನು ಲಿಂಗಪ್ಪ ಮೇಷ್ಟ್ರ ಮನೆ ಕೇಳಿದಳು.

"ತಬಲಾ ತಾತಾ ವೀಡಾ? ನೇರ ಹೋಗಮ್ಮಾ. ಸೌಂಡು ಕೇಳುತ್ತೆ, ಅದೇ" ಎಂದು ಆಕೆ ಅರ್ಧ ತಮಿಳಿನಲ್ಲಿ ದಾರಿ ತೋರಿಸಿದಳು.

ಸೌಂಡು ಕೇಳಿತು. ತಬಲದ ನುಡಿ ನಾಲ್ಕು ಹೆಜ್ಜೆ ಸರಿಯಾಗಿ ನಡೆದು ಐದನೆಯದಕ್ಕೆ ಎಡವುತ್ತಿತ್ತು. ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ತೆರೆದ ಬಾಗಿಲಿನಿಂದ ಶಂಕರಮ್ಮ ಇಣುಕಿದಳು. ಚಾಪೆಯ ಮೇಲೆ ಎಂಬತ್ತರ ಹತ್ತಿರದ ಒಬ್ಬ ತೆಳ್ಳನೆಯ ಅಜ್ಜ, ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ರಿಟೈರಾಗಿ ಈಗ ತಬಲಾ ಹೇಳಿಕೊಡುವ ಲಿಂಗಪ್ಪ ಮೇಷ್ಟ್ರು ಇವರೇ, ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಅವರ ಎದುರು ಷಣ್ಮುಖಪ್ಪ. ನಟ್ಟು ಬಿಗಿಯುವ ಪಾನಾ ಹಿಡಿದು ದಪ್ಪಗಾದ ಬೆರಳುಗಳು ತಬಲದ ಮೇಲೆ ಕಷ್ಟಪಟ್ಟು ಓಡಾಡುತ್ತಿದ್ದವು.

ಶಂಕರಮ್ಮನನ್ನು ನೋಡಿ ಅವನ ಕೈ ನಿಂತಿತು.

"ಸಹಿ ಒಂದು ಬಿಟ್ಟುಹೋಗಿತ್ತು ಅಣ್ಣ" ಎಂದಳು.

"ಸಹಿಗೋಸ್ಕರ ಭದ್ರಾವತಿಗೆ ಬಂದ್ರಾ?"

ಶಂಕರಮ್ಮ ಸುಳ್ಳು ಹೇಳಲಾರದೆ ಹೋದಳು. "ಇಲ್ಲ ಅಣ್ಣ. ತಡೆಯೋಕಾಗ್ಲಿಲ್ಲ, ಬಂದೆ."

ಲಿಂಗಪ್ಪನವರು ಕಣ್ಣು ತೆರೆದು ನಕ್ಕರು. "ಕೂತ್ಕೊಳ್ಳಮ್ಮ. ಅವನ ಕೈಗೂ ಸ್ವಲ್ಪ ರೆಸ್ಟು ಸಿಗಲಿ" ಎಂದು ಒಳಗೆ ಟೀ ಹೇಳಿದರು.

ಆಗ ಷಣ್ಮುಖಪ್ಪ ಹೇಳಿದ. ಮಲವಗೊಪ್ಪದ ದೇವಸ್ಥಾನದಲ್ಲಿ ಸೋಮವಾರ ಸೋಮವಾರ ಭಜನೆ. ಚಿಕ್ಕವನಿದ್ದಾಗಿಂದ ಅವನಿಗೆ ತಬಲದ ಪಕ್ಕವೇ ಕೂರುವ ಹುಚ್ಚು. ಕಲಿಯಬೇಕು ಎಂದುಕೊಂಡದ್ದು ಹದಿನೈದನೇ ವಯಸ್ಸಿನಲ್ಲಿ, ಅಂಗಡಿಗೆ ಕೂತದ್ದೂ ಅದೇ ವರ್ಷ. ನಲವತ್ತಾರಕ್ಕೆ ಬಂದಾಗ ಒಂದು ದಿನ ಲೆಕ್ಕ ಹಾಕಿದ. ಕಲಿಯಲು ಬೇಕಾದದ್ದು ದುಡ್ಡಲ್ಲ, ದಿನ. ಅಂಗಡಿ ಒಂದು ದಿನ ಮುಚ್ಚಿದರೆ ನಾನೂರು ರೂಪಾಯಿ ಹೋಗುತ್ತದೆ. ಹೆಂಡತಿ ಮಕ್ಕಳ ಊಟದಿಂದ ಅದನ್ನು ಕಿತ್ತುಕೊಳ್ಳುವ ಹಕ್ಕು ತನಗಿಲ್ಲ.

"ಅದಕ್ಕೆ ಮೊದಲು ಐದು ವರ್ಷ ಉಳಿಸ್ದೆ. ಬೀಡಿ ಬಿಟ್ಟೆ, ಸಂಜೆ ಒಂದು ಗಂಟೆ ಜಾಸ್ತಿ ಕೂತೆ. ಲಕ್ಷ ಬಂತು. ಅದನ್ನ ಬುಧವಾರಕ್ಕೆ ನಾನೂರರ ಹಂಗೆ ಮನೆಗೆ ಕೊಟ್ಟೆ. ಐದು ವರ್ಷದ ಬುಧವಾರ ಅಷ್ಟೂ ಕೊಂಡುಕೊಂಡೆ ಅಕ್ಕ."

ಶಂಕರಮ್ಮ ಟೀ ಲೋಟ ಹಿಡಿದುಕೊಂಡೇ ಮನಸ್ಸಿನಲ್ಲಿ ಗುಣಿಸಿ ನೋಡಿದಳು. ಸರಿಹೋಯಿತು.

"ಈಗಿನ ಲಕ್ಷ?"

"ಈಗ ದಿನಕ್ಕೆ ಏಳುನೂರು ಆಗುತ್ತೆ ಅಂಗಡೀಲಿ. ಹಂಗಾಗಿ ಮೂರೇ ವರ್ಷದ ಬುಧವಾರ ಬರುತ್ತೆ. ಅದಕ್ಕೆ ಮುಂದಿನ ಖಾತೆ ಎರಡೂವರೆ ಸಾವಿರದ್ದು ಮಾಡಿ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನಗ್ತಾರೆ ಅಂತ. ಪಂಕ್ಚರ್ ಹಾಕೋನು ತಬಲಾ ಬಾರಿಸ್ತಾನೆ ಅಂದ್ರೆ ಬಂಗಾರಪ್ಪ ಬಿಡ್ತಾನಾ? ಒಂದು ಗಂಟೆ ತಪ್ಪಿಲ್ಲದೆ ಬಾರಿಸೋದು ಬಂದ ಮೇಲೆ ದೇವರ ಮುಂದೆ ಕೂರೋಣ, ಆಮೇಲೆ ಊರಿಗೆ ತಾನೇ ಗೊತ್ತಾಗುತ್ತೆ ಅಂತ ಇದ್ದೆ. ಐದು ವರ್ಷ ಆಯ್ತು, ಇನ್ನೂ ಇಪ್ಪತ್ತು ನಿಮಿಷಕ್ಕೆ ಕೈ ಕೊಡುತ್ತೆ."

"ಕಾಯಕ ಬಿಟ್ಟು ಬರೋದು ತಪ್ಪು ಅನ್ನಿಸ್ಲಿಲ್ವಾ?" ಶಂಕರಮ್ಮ ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದಳು.

ಷಣ್ಮುಖಪ್ಪ ತಬಲದ ಮೇಲಿನ ಪೌಡರು ಒರೆಸಿದ. "ಅಂಗಡೀನೂ ಆ ದೇವರದೇ, ಇದೂ ಅವನದೇ. ಸೋಮವಾರದ ಮೊದಲ ಗಿರಾಕಿ ದುಡ್ಡು ಪ್ರಸಾದಕ್ಕೆ ಹೋಗುತ್ತೆ, ಬುಧವಾರ ಈ ಕೈ ಅವನ ಸೇವೆಗೆ ಹೋಗುತ್ತೆ. ನನಗೆ ಎರಡೂ ಬೇರೆ ಅಂತ ಕಾಣ್ಲಿಲ್ಲ." ಹಾಗೆಂದು ಸಹಿ ಹಾಕಿ ಫಾರಂ ಕೊಡುತ್ತ ಕೇಳಿದ, "ನಿಮ್ಮದು ಯಾತಕ್ಕೆ ಅಕ್ಕ?"

"ನನ್ನದು?"

"ನಿಮ್ಮ ಹೆಸರಲ್ಲೂ ಖಾತೆ ಇರುತ್ತಲ್ಲ."

ಇತ್ತು. ಮನೆಯಲ್ಲಿ ಒಟ್ಟು ಮೂರಿದ್ದವು. ಒಂದು ಅಕ್ಷರಾಳ ಹೆಸರಿನಲ್ಲಿ, ಅವಳ ಮದುವೆಗೆ, ತಿಂಗಳಿಗೆ ಮೂರು ಸಾವಿರ. ಇನ್ನೊಂದು ಆಸ್ಪತ್ರೆ, ಕಾಯಿಲೆ ಎಂದು ಸಾವಿರ. ಮೂರನೆಯದು ಎರಡು ಸಾವಿರದ್ದು. ಅದು ಯಾತಕ್ಕೆ ಎಂದು ಹೇಳಲು ಬಾಯಿ ತೆರೆದಳು. "ಅದು ಸುಮ್ನೆ, ಇರ್ಲಿ ಅಂತ" ಎಂಬ ಮಾತು ತನ್ನ ಬಾಯಿಂದಲೇ ಬಂತು.

ಲಿಂಗಪ್ಪನವರು ಮತ್ತೆ ತೊಡೆ ತಟ್ಟಿ ತಾಳ ಶುರುಮಾಡಿದರು.

ಅಲ್ಲಿಂದ ಬಂದ ಶಂಕರಮ್ಮನಿಗೆ ಇನ್ನೊಬ್ಬರ ಬಗ್ಗೆ ಇದ್ದ ಕುತೂಹಲವೆಲ್ಲ ತನ್ನ ಕಡೆಗೇ ತಿರುಗಿತು. ತನಗೆ ಏನು ಬೇಕು? ಸೀರೆ? ಒಡವೆ? ಯಾತ್ರೆ? ಒಂದೊಂದನ್ನೂ ಎತ್ತಿ ನೋಡಿದಳು, ಯಾವುದೂ ಒಳಗೆ ಮುಟ್ಟಲಿಲ್ಲ. ಬೆಳಗ್ಗೆ ಪೂಜೆಗೆ ಕೂತಾಗ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ವಿಭೂತಿ ಹಚ್ಚಿ, ಪತ್ರೆ ಏರಿಸಿ, ಕೈ ಮುಗಿದು ಎದ್ದಳು. ಎದ್ದ ಮೇಲೆ ಗೋಡೆಯ ಗಡಿಯಾರ ನೋಡಿದರೆ ಕೂತು ನಾಲ್ಕು ನಿಮಿಷವಾಗಿತ್ತು. ಏಜೆಂಟಾದಾಗಿನಿಂದ ನಾಲ್ಕೇ ನಿಮಿಷ. ಎಂಟಕ್ಕೆ ಮುಂಚೆ ಹೋದರೆ ತಾನೆ ವರ್ಕ್‌ಶಾಪಿನವರು ಮನೆಯಲ್ಲಿ ಸಿಗುವುದು. ದೀಕ್ಷೆಯಾದಾಗ ಅಜ್ಜಿ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ ಪೂಜೆ ನಾಲ್ಕು ನಿಮಿಷದ್ದಾಗಿರಲಿಲ್ಲ. ಹಾಗಾದರೆ ಎಷ್ಟು ಹೊತ್ತಿನದು? ಇದು ಆಕೆಗೆ ದೊಡ್ಡ ಪ್ರಶ್ನೆಯಾಗಿ ಕಾಡಿತು.

ಬಂದ ಭಾನುವಾರ, ನೋಡಿಯೇಬಿಡೋಣ ಎಂದು ಕೂತಳು. ಅರ್ಧಕ್ಕೆ ಬರುವಾಗ ಮುಂದೇನು ಎಂದು ಮರೆತುಹೋಗಿತ್ತು. ಅಜ್ಜಿ ಇಲ್ಲಿ ಒಂದು ಸಾಲು ಹೇಳಿ ಹೂ ಏರಿಸುತ್ತಿದ್ದಳು, ಆ ಸಾಲು ಯಾವುದು? ಚಿಕ್ಕಮ್ಮನಿಗೆ ಫೋನು ಮಾಡಿ ಕೇಳಿದಳು. ಆಕೆಗೂ ಅರೆಬರೆ ನೆನಪು. ಇಬ್ಬರೂ ಫೋನಿನಲ್ಲೇ ಒಬ್ಬರದನ್ನು ಒಬ್ಬರು ತಿದ್ದಿ, ಜೋಡಿಸಿ, ಪೂಜೆ ಮುಗಿಯುವಾಗ ಒಂದು ಗಂಟೆಯ ಮೇಲಾಗಿತ್ತು. ಕಾಲು ಜೋಮು ಹಿಡಿದಿತ್ತು. ಶಂಕರಮ್ಮನಿಗೆ ಬಹಳ ದಿನದ ಮೇಲೆ ಏನನ್ನೋ ಹುಡುಕಿ ಅದರ ತುದಿ ಸಿಕ್ಕಿದವಳ ಹಾಗೆ ಖುಷಿಯಾಯಿತು.

ಆ ಸಂಜೆ ಮಗಳಿಗೆ ಹೇಳಿದಳು. ಅಕ್ಷರಾ ಊರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಾಳೆ. ಅಳೆದು ಮಾತಾಡುವ ಹುಡುಗಿ.

"ವಾರಕ್ಕೆ ಒಂದು ದಿನ ಸುತ್ತು ಬಿಡ್ತೀನಿ ಕಣೇ. ಗುರುವಾರ. ಮಾಚೇನಹಳ್ಳಿ, ಮಲವಗೊಪ್ಪದ ಕಡೆ ಖಾತೆಗಳು ಎಂಬತ್ತಿವೆ. ಅವನ್ನೆಲ್ಲ ವೀಣಾಗೆ ಬಿಟ್ಟುಕೊಟ್ರೆ ಬೆಳಗ್ಗೆ ಎಂಟರ ಓಟವೂ ಇರಲ್ಲ."

ವೀಣಾ ಎಂದರೆ ಎರಡು ವರ್ಷದ ಹಿಂದೆ ಏಜೆಂಟಾಗಿ, ಗಿರಾಕಿ ಸಿಗದೆ ಒದ್ದಾಡುತ್ತಿದ್ದ ಮಲವಗೊಪ್ಪದ ಹೆಣ್ಣುಮಗಳು.

"ಎಷ್ಟು ಕಮ್ಮಿ ಆಗುತ್ತೆ?"

"ಇಪ್ಪತ್ತು ಸಾವಿರದಲ್ಲಿ ಏಳು."

"ಮತ್ತೆ ಆರ್.ಡಿ.ಗಳಿಗೆ?"

"ಮೂರನೆಯದನ್ನ ಮುಂದಿನ ವರ್ಷ ತುಂಬಿದ ಮೇಲೆ ಮುಂದುವರಿಸಲ್ಲ. ಬಂದ ದುಡ್ಡನ್ನ ತಿಂಗಳು ತಿಂಗಳು ಮನೆಗೆ ಇಳಿಸ್ತೀನಿ, ಷಣ್ಮುಖಪ್ಪ ಮಾಡಿದ ಹಂಗೆ. ನಿನ್ನ ಮದುವೇದು ಮುಟ್ಟಲ್ಲ, ಹೆದರ್ಬೇಡ."

ಅಕ್ಷರಾ ತಟ್ಟೆಯಲ್ಲಿ ಅನ್ನ ಕಲಸುತ್ತಿದ್ದವಳು ಕೈ ನಿಲ್ಲಿಸಿದಳು. "ಅಮ್ಮ, ಊರೋರನ್ನೆಲ್ಲ ಯಾತಕ್ಕೆ ಯಾತಕ್ಕೆ ಅಂತ ಕೇಳ್ತೀಯ. ಆ ಖಾತೆ ನನ್ನ ಹೆಸರಲ್ಲಿದೆ. ನನ್ನ ಯಾವತ್ತಾದ್ರೂ ಕೇಳಿದ್ಯಾ?"

ಶಂಕರಮ್ಮ ಕೇಳಿರಲಿಲ್ಲ. ಹೆಣ್ಣುಮಗಳ ಖಾತೆಗೆ ಕಾರಣ ಕೇಳಬೇಕು ಎಂದೇ ಹೊಳೆದಿರಲಿಲ್ಲ.

"ಈಗ ಕೇಳ್ತೀನಿ, ಹೇಳು."

"ಈಗ ಹೇಳಲ್ಲ. ಯೋಚ್ನೆ ಮಾಡಿ ಹೇಳ್ತೀನಿ."

ಮೂರು ವಾರ ತೆಗೆದುಕೊಂಡಳು. ಆ ಮೂರು ವಾರ ಶಂಕರಮ್ಮ ಪಟ್ಟ ಪಾಡು ಆಕೆಗೇ ಗೊತ್ತು. ಹುಡುಗಿ ಯಾರನ್ನಾದರೂ ಮೆಚ್ಚಿದ್ದಾಳೋ, ಮದುವೆಯೇ ಬೇಡವೆನ್ನುತ್ತಾಳೋ, ಬೇರೆ ಊರಿಗೆ ಹೋಗುತ್ತಾಳೋ ಎಂದು ದಿನಕ್ಕೊಂದು ಊಹೆ ಮಾಡಿದಳು. ಕೇಳಲು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಕಾಯ್ತೀನಿ ಎಂದು ಜನರಿಗೆ ಅಷ್ಟು ಸಲೀಸಾಗಿ ಹೇಳುತ್ತಿದ್ದವಳಿಗೆ ಕಾಯುವುದು ಎಂದರೆ ಏನೆಂದು ಆಗ ತಿಳಿಯಿತು.

ಅಕ್ಷರಾಳ ಉತ್ತರ ಆಕೆಯ ಯಾವ ಊಹೆಗೂ ಹೊಂದಲಿಲ್ಲ. ಮದುವೆ ಆಗುತ್ತೇನೆ, ಆದರೆ ಛತ್ರ ಬೇಡ, ಮಠದಲ್ಲಿ ಸರಳವಾಗಿ ಆಗಲಿ, ಅದಕ್ಕೆ ಅರ್ಧ ಸಾಕು. ಉಳಿದ ಅರ್ಧ ತನ್ನ ಓದಿಗೆ. ಡಿಪ್ಲೊಮಾ ಮಾಡಿಕೊಂಡು ಕೆಲಸಕ್ಕೆ ಸೇರಿದವಳು ಡಿಗ್ರಿ ಮುಗಿಸಬೇಕೆಂದು ಎರಡು ವರ್ಷದಿಂದ ಇದ್ದಳಂತೆ. ಅಮ್ಮನ ಲೆಕ್ಕ ಕೆಡುತ್ತದೆ ಎಂದು ಬಾಯಿಬಿಟ್ಟಿರಲಿಲ್ಲ.

"ಅಜ್ಜಿ ಕಡೆಯೋರು ಏನಂತಾರೋ" ಎಂದಳು ಶಂಕರಮ್ಮ.

"ಅವರೇನು ಕಂತು ಕಟ್ತಾರಾ?"

ಶಂಕರಮ್ಮ ಎದ್ದು ಹೋಗಿ ಪುಸ್ತಕ ತಂದು, ಹಿಂದೆ ಬರೆದಿದ್ದ 'ಮದುವೆ' ಎಂಬುದನ್ನು ರಬ್ಬರಿನಿಂದ ಅಳಿಸಿ, ಮಗಳ ಕೈಗೆ ಪೆನ್ಸಿಲು ಕೊಟ್ಟಳು.

ಮುಂದಿನದೆಲ್ಲ ಅಂದುಕೊಂಡಷ್ಟು ಸಲೀಸಾಗಿ ಆಗಲಿಲ್ಲ. ಎಂಬತ್ತು ಖಾತೆಗಳನ್ನು ವೀಣಾಗೆ ದಾಟಿಸಲು ಆರು ತಿಂಗಳು ಹಿಡಿಯಿತು. ನಾಲ್ಕಾರು ಮಂದಿ, "ನೀವೇ ಬರದಿದ್ರೆ ನಮಗೆ ಖಾತೆನೇ ಬೇಡ" ಎಂದು ಮುನಿಸಿಕೊಂಡರು. ಶಂಕರಮ್ಮ ಖಾತೆಗಳ ಸಂಖ್ಯೆಯನ್ನು ಮಾತ್ರ ಲೆಕ್ಕ ಹಿಡಿದಿದ್ದಳು, ಮಾಚೇನಹಳ್ಳಿಯವರ ಕಂತುಗಳು ದೊಡ್ಡವು ಎಂಬುದನ್ನು ಮರೆತಿದ್ದಳು. ಏಳು ಸಾವಿರ ಕಡಿಮೆಯಾಗಬೇಕಿದ್ದ ಕಡೆ ಒಂಬತ್ತು ಸಾವಿರ ಕಡಿಮೆಯಾಯಿತು. ಮೂರು ತಿಂಗಳು ಮನೆಯಲ್ಲಿ ಬಿಗಿಯಾಯಿತು. ಮಠದ ದಾಸೋಹಕ್ಕೆ ಪ್ರತಿ ವರ್ಷ ಕೊಡುತ್ತಿದ್ದ ಅಕ್ಕಿಯನ್ನು ಈ ವರ್ಷ ಕಡಿಮೆ ಮಾಡೋಣವೇ ಎಂದು ಒಂದು ದಿನ ಯೋಚಿಸಿ, ಅದನ್ನು ಬಿಟ್ಟು ಕೇಬಲ್ ತೆಗೆಸಿದಳು. ಅಕ್ಷರಾ ತಿಂಗಳಿಗೆ ಮೂರು ಸಾವಿರ ಮನೆಗೆ ಕೊಡತೊಡಗಿದಳು.

ಗುರುವಾರವೂ ಮೊದಮೊದಲು ಒಲಿಯಲಿಲ್ಲ. ಮೊದಲನೇ ಗುರುವಾರ ಪೂಜೆಗೆ ಕೂತವಳ ಮನಸ್ಸೆಲ್ಲ ಯಾರ ಕಂತು ಬಂದಿಲ್ಲ ಎಂಬುದರಲ್ಲಿತ್ತು. ಬೇಗ ಎದ್ದು, ಏನು ಮಾಡುವುದೆಂದು ತೋಚದೆ ಅಟ್ಟ ಗುಡಿಸಿದಳು. ಎರಡನೇ ಗುರುವಾರ ನಿದ್ದೆ ಬಂತು. ಐದೋ ಆರೋ ವಾರ ಕಳೆದ ಮೇಲೆ ಒಂದು ಬೆಳಗ್ಗೆ ಪೂಜೆಯಿಂದ ಎದ್ದಾಗ ಪಕ್ಕದ ಮನೆಯ ಹುಡುಗರೆಲ್ಲ ಸ್ಕೂಲಿಗೆ ಹೋಗಿಯಾಗಿತ್ತು. ಎಷ್ಟು ಹೊತ್ತು ಕೂತಿದ್ದೆ ಎಂದು ಆಕೆಗೆ ತಿಳಿಯಲಿಲ್ಲ, ಗಡಿಯಾರ ನೋಡಬೇಕೆಂದೂ ಅನ್ನಿಸಲಿಲ್ಲ. ಅಡುಗೆಮನೆಗೆ ಹೋಗಿ ಒಲೆ ಹಚ್ಚಿ, ತನಗೊಬ್ಬಳಿಗೇ ಅವಲಕ್ಕಿ ಒಗ್ಗರಣೆ ಹಾಕಿಕೊಂಡು ನಿಧಾನವಾಗಿ ತಿಂದಳು.

ಈಗ ವೀಣಾ ತಿಂಗಳಿಗೊಮ್ಮೆ ಬಂದು ಆ ಕಡೆಯ ಸುದ್ದಿ ಹೇಳಿ ಹೋಗುತ್ತಾಳೆ. ಕಾರಣ ಕೇಳುವುದನ್ನು ಅವಳೂ ಕಲಿತಿದ್ದಾಳೆ. ಮೊನ್ನೆ ಬಂದವಳು ಕಾಫಿ ಕುಡಿಯುತ್ತ, "ಅಕ್ಕ, ಮಾಚೇನಹಳ್ಳಿ ಫ್ಯಾಕ್ಟರಿ ಗೇಟಲ್ಲಿ ಬೀರಪ್ಪ ಅಂತ ವಾಚ್‌ಮನ್ ಇದಾನೆ. ತಿಂಗಳಿಗೆ ಐನೂರರ ಖಾತೆ ತೆಗೆದ. ಯಾತಕ್ಕೆ ಅಂದೆ. ದುರ್ಬೀನು ತಗೋಬೇಕು ಅಂದ" ಎಂದಳು.

"ದುರ್ಬೀನಾ? ಯಾಕಂತೆ?"

"ಅದನ್ನ ಕೇಳ್ಲಿಲ್ಲ ಅಕ್ಕ."

"ಕೇಳ್ಬೇಕಿತ್ತು ಮಾರಾಯ್ತಿ" ಎಂದು ಶಂಕರಮ್ಮ ಕುರ್ಚಿ ಹತ್ತಿರ ಎಳೆದುಕೊಂಡಳು. "ಎಷ್ಟು ವಯಸ್ಸು ಅವನಿಗೆ? ಯಾವ ಪಾಳಿ?"